ಕೆಮ್ಮುವ ಮೊಪೆಡ್

ಮದ್ದೂರಿನಲ್ಲಿ ನಾನು ಟ್ಯೂನ್ ಮಾಡಿದ ಗಾಡಿಗೆ ಹೆಸರಿಡುವವರಿಲ್ಲ. ಆದರೆ ಆತಗೂರಿನ ಪಟ್ಟಲಮ್ಮ, ತೀರಿಹೋದ ಗಂಡನ ಹಳೆಯ ಮೊಪೆಡ್ಡಿನಲ್ಲಿ ಮಗಳ ಹಿಂದೆ ಕೂತು ಮರುದಿನವೇ ವಾಪಸ್ ಬಂದಳು.

"ಸದ್ದು ಸರಿಯಿಲ್ಲ ಕಣಪ್ಪ."

ನನಗೆ ರೇಗಿತು. "ಕಾರ್ಬೊರೇಟರ್ ಬಿಚ್ಚಿ ತೊಳ್ದಿವ್ನಿ. ಬೆಣ್ಣೆಯಂಗೆ ಓಡ್ತದೆ. ಇನ್ನೇನಮ್ಮ ಬೇಕು?"

"ನಮ್ಮೋರು ಬರೋವಾಗ ಇದು ಕೆಮ್ಕಂಡು ಬರೋದು. ಕೆರೆ ಏರಿ ಮೇಲೆ ಆ ಸದ್ದು ಕೇಳುದ್ರೆ ಮುದ್ದೆಗೆ ಎಸರಿಡ್ತಿದ್ದೆ."

ಗೊಣಗಿಕೊಂಡೇ ಕಾರ್ಬೊರೇಟರಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿದೆ. ಮೂವತ್ತು ವರ್ಷದಲ್ಲಿ ಬೇಕೆಂದೇ ಗಾಡಿ ಕೆಡಿಸಿದ್ದು ಅದೊಂದೇ ಸಲ. ಎಂಜಿನ್ ಎರಡು ಸಲ ಕೆಮ್ಮಿತು, ಸುಧಾರಿಸಿಕೊಂಡಿತು, ಮತ್ತೆ ಕೆಮ್ಮಿತು.

ಟೈರಿನ ಮೇಲೆ ಕೂತಿದ್ದ ಪಟ್ಟಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. ಎಸರಿಡಲು ಅಲ್ಲಿ ಒಲೆಯಿರಲಿಲ್ಲ.