ಬಾಗಿಲು ಹಾಕಿಕೊಂಡು ಆಡುವ ಮಾತು

ದುಂಡೇಶನ ವಿಡಿಯೊವನ್ನು ಎಂಟು ಲಕ್ಷ ಜನ ನೋಡಿದ್ದರು. ಸೋನಾಬಾಯಿ ಮಾತ್ರ ನೋಡಿರಲಿಲ್ಲ. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಆದರೆ ಐಗಳಿ ಊರಿಗೆ ಊರೇ ನೋಡಿತ್ತು, ಅವಳ ಬಾಯಿ ಕಟ್ಟುವುದಕ್ಕೆ ಅಷ್ಟು ಸಾಕಾಯಿತು.

ವಿಡಿಯೊದಲ್ಲಿ ದುಂಡೇಶ ಇಳಕಲ್ ಸೀರೆ ಉಟ್ಟಿದ್ದ. ಎದೆಗೆ ಎರಡು ಟವೆಲ್ ತುರುಕಿಕೊಂಡಿದ್ದ. ಎಡಗಾಲು ಎಳೆಯುತ್ತ ಬಂದು ಕೂತು, ಬೆರಳಿನಿಂದ ಹಲ್ಲಿಗೆ ಸುಟ್ಟ ಹೊಗೆಸೊಪ್ಪಿನ ಮಿಶ್ರಿ ತಿಕ್ಕುತ್ತ, ಹೆಣ್ಣುದನಿ ತೆಗೆದು ಮೊದಲ ರಾತ್ರಿಯ ಕತೆ ಹೇಳುತ್ತಿದ್ದ. ಐಗಳಿಯಲ್ಲಿ ಎಡಗಾಲು ಎಳೆಯುವವಳು, ಮಿಶ್ರಿ ತಿಕ್ಕುತ್ತ ಮಾತಾಡುವವಳು ಒಬ್ಬಳೇ. ದುಂಡೇಶನ ಮನೆಯಿಂದ ಎರಡು ಮನೆ ದಾಟಿದರೆ ಅವಳ ಮನೆ. ಅವನ ತಾಯಿ ಸುಂದ್ರವ್ವ ಬದುಕಿದ್ದ ತನಕ ಅವಳೂ ಸೋನಾಬಾಯಿಯೂ ಒಂದೇ ಜೀವ ಅನ್ನುವ ಹಾಗಿದ್ದವರು.

ಅವಳ ಮಾತು ಇವನ ಬಾಯಿಗೆ ಬಂದದ್ದು ಹೇಗೆ ಅಂತ ಹೇಳಬೇಕು. ನಮ್ಮ ಕಡೆ ಮದುಮಗಳಿಗೆ ಅರಿಷಿಣ ಹಚ್ಚುವಾಗ ಗಂಡಸರನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಹಾಕುತ್ತಾರೆ. ಮೊದಲು ಒಂದೆರಡು ದೇವರ ಹಾಡು. ಆಮೇಲೆ ಶುರುವಾಗುತ್ತದೆ. ವರ್ಷವಿಡೀ ಮಾವನ ಎದುರು ತಲೆ ಎತ್ತದ ಸೊಸೆಯಂದಿರು ಅಲ್ಲಿ ಆಡುವ ಮಾತನ್ನು ಅಚ್ಚು ಹಾಕಿಸಿದರೆ ಪೊಲೀಸರು ಬರುತ್ತಾರೆ. ಬೀಗರ ಧೋತರದಿಂದ ಹಿಡಿದು ಹಾಸಿಗೆಯ ತನಕ ಯಾವುದೂ ಉಳಿಯುವುದಿಲ್ಲ. ಹೊಸ ಹುಡುಗಿಯ ಹೆದರಿಕೆ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಬಾಗಿಲು ತೆಗೆದ ಮೇಲೆ ಯಾರು ಏನು ಅಂದರು ಅಂತ ಯಾರೂ ಬಾಯಿ ಬಿಡುವಂತಿಲ್ಲ. ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಈ ಕೆಲಸಕ್ಕೆ ಸೋನಾಬಾಯಿಯೇ ಬೇಕಾಗಿತ್ತು.

ಗಂಡುಹುಡುಗರು ಹಾಲುಹಲ್ಲು ಬೀಳುವ ತನಕ ಒಳಗಿರಬಹುದು. ದುಂಡೇಶನಿಗೆ ಏಳನೇ ವರ್ಷ ಮುಂದಿನ ಹಲ್ಲು ಬಿದ್ದಿತ್ತು. ಕಳ್ಳ ಬಾಯಿ ಮುಚ್ಚಿಕೊಂಡು ತಾಯಿಯ ಮಗ್ಗುಲಲ್ಲಿ ಕೂತ. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅವನು ತುಟಿ ಬಿಗಿಹಿಡಿದು, ನಗಲಾರದೆ, ಒಂದೊಂದೇ ಮಾತನ್ನು ನುಂಗಿ ಇಟ್ಟುಕೊಂಡ. ಅವತ್ತು ಸೋನಾಬಾಯಿ ಬಳೆಯ ಮಾತು ಹೇಳಿದ್ದಳು.

"ದಣಕೊಂಡ ಬಂದಿದ್ದ ನನ ಗಂಡ. ಇರ್ರಿ, ಬಳಿ ಸಪ್ಪಳ ಆಕ್ಕಾವು, ತಗೀತೇನಿ ಅಂದ್ನಿ. ಒಂದ ಕೈಯಾನ್ವು ತಗದ್ನಿ. ಇನ್ನೊಂದ ಕೈಯಾನ್ವು ತಗಿಯೂದ್ರಾಗ ಅಂವ ಗೊರಕಿ ಹೊಡ್ಯಾಕತ್ತಿದ್ದ."

ಆಗ ಅವನಿಗೆ ಏನೂ ಅರ್ಥವಾಗಿರಲಿಲ್ಲ. ಅವ್ವ ಗೋಡೆಯ ಕಡೆ ಮುಖ ಮಾಡಿ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಮಾತ್ರ ನೆನಪಿತ್ತು. ಅವ್ವನಿಗೆ ನಾಚಿಕೆಯಾಯಿತು ಅಂದುಕೊಂಡಿದ್ದ. ಸುಂದ್ರವ್ವ ಅಂಥವಳೇ. ಗಂಡ ಲಗಮಣ್ಣ ಕರೆದರೆ 'ರೀ' ಅನ್ನುವುದನ್ನು ಬಿಟ್ಟು ಎರಡನೇ ಮಾತು ಆಡಿದವಳಲ್ಲ.

ದೊಡ್ಡವನಾದ ದುಂಡೇಶ ಕಾಮಿಡಿ ಹಿಡಿದ. ಎರಡು ವರ್ಷ ಮರ್ಯಾದೆಯ ಕಾಮಿಡಿ ಮಾಡಿದ. ಮೇಷ್ಟ್ರು, ಮೊಬೈಲು, ಕಬ್ಬಿನ ಟ್ರ್ಯಾಕ್ಟರು. ವಿಡಿಯೊ ತೆಗೆಯುವ ಗೆಳೆಯ ವಿಕ್ರಾಂತ ಹೇಳುತ್ತಲೇ ಇದ್ದ: "ಇಷ್ಟ ಮಡಿಲೆ ಮಾಡಿದ್ರ ಯಾರ ನೋಡ್ತಾರಲೇ? ಒಂದೀಟ ಹಸೀದ ಬೇಕ." ನಿಪ್ಪಾಣಿಯಲ್ಲಿ ಒಂದು ಮಂಡಳದವರು ಸಂಜೆಯ ಕಾರ್ಯಕ್ರಮಕ್ಕೆ ಕರೆದರು. ಮಗ ಸ್ಟೇಜು ಹತ್ತುತ್ತಾನೆ ಅಂತ ಲಗಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತ. ಮೇಷ್ಟ್ರ ಜೋಕಿಗೆ ಯಾರೂ ನಗಲಿಲ್ಲ. ಟ್ರ್ಯಾಕ್ಟರಿಗೂ ನಗಲಿಲ್ಲ. ಹಿಂದೆ ಕೂತವರು ಎದ್ದು ಹೊರಡತೊಡಗಿದರು. ದುಂಡೇಶ ಹೆದರಿ, ಸನ್ಮಾನದ ಶಾಲನ್ನು ತಲೆಗೆ ಹೊದ್ದುಕೊಂಡು, ಎಡಗಾಲು ಎಳೆದು, ಸೋನಾಬಾಯಿಯಾಗಿಬಿಟ್ಟ. ಬಳೆಯ ಮಾತಿಗೆ ಜನ ಖುರ್ಚಿ ಬಡಿದು ನಕ್ಕರು. ಲಗಮಣ್ಣ ಕೆಮ್ಮು ಬರುವ ತನಕ ನಕ್ಕ.

ಅದನ್ನು ಹೆದರಿಕೆಯಲ್ಲಿ ಮಾಡಿದ್ದು ಅನ್ನಬಹುದು, ಮಾಫಿ ಮಾಡಬಹುದು. ವಿಡಿಯೊ ಹಾಗಲ್ಲ. ಅದನ್ನು ತಿಳಿದೂ ತಿಳಿದೂ ಮಾಡಿದ. ಸೀರೆ ತಂದ, ಟವೆಲ್ ತಂದ. ಸೋನಾಬಾಯಿ ಆ ಮಾತು ಹೇಳುವಾಗ ಅವಳ ಕೈ ಬಳೆ ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ದುಂಡೇಶನ ಕೈ ಎಲ್ಲೆಲ್ಲೋ ಹೋಯಿತು. ನಾಲಿಗೆ ಹೊರಗೆ ಬಂತು. ಮುಚ್ಚಿದ ಬಾಗಿಲ ಒಳಗೆ ಎಷ್ಟೋ ವರ್ಷ ಹೆಂಗಸರನ್ನು ನಗಿಸಿದ ಮಾತು ಹೊಲಸಾಗುವುದಕ್ಕೆ ಎರಡು ನಿಮಿಷ ಸಾಕಾಯಿತು.

ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸೋನಾಬಾಯಿ ನಿಂತರೆ ಹಿಂದಿನಿಂದ ಯಾರೋ "ಬಳಿ ತಗದೇನ ಕಾಕಿ?" ಅನ್ನತೊಡಗಿದರು. ಅವಳ ಗಂಡ ದಾದಾಸಾಹೇಬ ಸಂಜೆ ಕಟ್ಟೆಗೆ ಹೋದರೆ, ಮೀಸೆ ಮೂಡದವರೂ "ಗೊರಕಿ ಹೆಂಗೈತ್ರಿ ಕಾಕಾ?" ಎಂದು ಕೇಳಿದರು. ಮುದುಕ ಕಟ್ಟೆಗೆ ಹೋಗುವುದನ್ನು ಬಿಟ್ಟ. ಸೋನಾಬಾಯಿ ಅರಿಷಿಣಕ್ಕೆ ಹೋಗುವುದನ್ನು ಬಿಟ್ಟಳು. ಮೂರು ಮದುವೆಯವರು ಕರೆದರು. ಮೂರಕ್ಕೂ ಮೊಣಕಾಲು ನೋವು ಅಂದಳು. ದುಂಡೇಶ ಅವಳ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಸಂದಿಯಿಂದ ಓಡಾಡತೊಡಗಿದ. ತಪ್ಪು ಮಾಡಿದವನಿಗೆ ಊರಿನ ಸಂದಿಗಳೆಲ್ಲ ಬಾಯಿಪಾಠವಾಗುತ್ತವೆ.

ಇಷ್ಟರಲ್ಲಿ ದುಂಡೇಶನ ತಂಗಿ ಸೌಂದರ್ಯಾಳ ಮದುವೆ ಗೊತ್ತಾಯಿತು. ಕಾಗವಾಡದ ಕಡೆಯ ಬೀಗರು. ಗುರುವಾರ ಅರಿಷಿಣ. ಸುಂದ್ರವ್ವ ಸತ್ತು ಆರು ವರ್ಷ, ತಾಯಿಯಿಲ್ಲದ ಮನೆಯಲ್ಲಿ ಮೊದಲ ಅರಿಷಿಣ ಹಚ್ಚಬೇಕಾದವಳು ಸೋನಾಬಾಯಿ. ಸೌಂದರ್ಯಾ ತಾನೇ ಹೋಗಿ ಕರೆದಳು. ಮೊಣಕಾಲು ನೋವಿನ ಮಾತೇ ಬಂತು. ಮನೆಗೆ ಬಂದವಳು ಅಣ್ಣನ ಎದುರು ನಿಂತಳು.

"ಕಾಕಿ ಬರಲಿಲ್ಲಂದ್ರ ನಾ ಅರಿಷಿಣದ ಮಣಿ ಮ್ಯಾಲ ಕೂಡೂದಿಲ್ಲ. ನೀ ಹೋಗಿ ಕರಕೊಂಡ ಬಾ. ಆಕಿನ್ನ ಮನ್ಯಾಗ ಕೂಡಿಸಿದಾಂವ ನೀನ."

ಅವಳು ಸಿಟ್ಟಿನಲ್ಲಿ ಹೇಳಿರಲಿಲ್ಲ. ಅಳು ಬರುತ್ತಿತ್ತು, ಅಷ್ಟೆ. ಅವ್ವನ ಜಾಗದಲ್ಲಿ ಕೂರುವವರು ಇಲ್ಲದಂತೆ ಮಾಡಿದವನು ತಾನು ಎಂದು ದುಂಡೇಶನಿಗೆ ಅವತ್ತು ಸರಿಯಾಗಿ ಹೊಳೆಯಿತು. ಆ ಮಧ್ಯಾಹ್ನವೇ ವಿಡಿಯೊ ಅಳಿಸಿ ಹಾಕಿದ. ವಿಕ್ರಾಂತ ಫೋನು ಮಾಡಿ ಬೈದ. ಬೈಸಿಕೊಂಡ.

ಸೋನಾಬಾಯಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಇದ್ದಳು. ನೆಲದ ಮೇಲೆ ಹಾಸಿದ ತಾಡಪತ್ರಿಯ ಮೇಲೆ ದ್ರಾಕ್ಷಿ ಹರವಿಕೊಂಡು ಕಡ್ಡಿ, ಕರಿಕಾಳು ಬೇರೆ ಮಾಡುತ್ತಿದ್ದಳು. ಬೇರೆ ಹೆಂಗಸರು ಊಟಕ್ಕೆ ಹೋಗಿದ್ದರು. ದುಂಡೇಶ ಚಪ್ಪಲಿ ಹೊರಗೆ ಬಿಟ್ಟು ಎದುರು ಕೂತ. ಅವಳು ತಲೆ ಎತ್ತಲಿಲ್ಲ.

"ಕಾಕಿ, ನಂದ ತಪ್ಪಾತ್ರಿ."

"ಹ್ಞೂಂ."

"ವಿಡಿಯೊ ತಗದ ಹಾಕೇನ್ರಿ."

"ತಗದ್ರ ಹೋಕ್ಕೇತೇನು?"

ಹೋಗುತ್ತದೆ ಅನ್ನಬೇಕೆಂದು ಬಾಯಿಯ ತನಕ ಬಂದಿತ್ತು. "ಇಲ್ರಿ" ಅಂದ.

"ಖರೇ ಹೇಳಿದಿ." ಅವಳು ಒಂದು ಹಿಡಿ ದ್ರಾಕ್ಷಿಯನ್ನು ಬುಟ್ಟಿಗೆ ಹಾಕಿದಳು. "ನನ ಕುಂಟ ಕಾಲ ತೋರಿಸಿದಿ, ಇರಲಿ ಬಾಳಾ. ಕಾಲ ಐತಿ, ಕುಂಟತೇನಿ. ಆ ಬಳಿ ಮಾತ ಯಾರದಂತ ಮಾಡಿದಿ?"

"ನಿಮ್ದಲ್ರಿ?"

"ನಂದಲ್ಲ. ನಿಮ್ಮವ್ವಂದು."

ದುಂಡೇಶ ಅವಳ ಮುಖ ನೋಡಿದ. ಅವಳು ಕಾಳು ಆರಿಸುತ್ತಲೇ ಹೇಳಿದಳು.

"ನಿಮ್ಮತ್ತಿ ಕುಸುಮನ ಅರಿಷಿಣದಾಗ. ನೀ ಹೊಟ್ಟ್ಯಾಗ ಇದ್ದಿ, ಏಳ ತಿಂಗಳ. ಎಲ್ಲಾರೂ ಒಂದೊಂದ ಹೇಳಾಕತ್ತಿದ್ರು. ಸುಂದ್ರಿ, ನೀ ಒಂದ ಹೇಳಬೇ ಅಂತ ನಾನ ತಿವದ್ನಿ. ಅಯ್ಯ ಯವ್ವಾ, ಸಣ್ಣ ದನೀಲೆ ಹೇಳಿದ್ಲ ನೋಡು. ಆಕಿ ಅತ್ತಿ ಸೈತ ಗ್ವಾಡಿ ಹಿಡಕೊಂಡ ನಕ್ಕಳು. ಆಕಿ ಹೊರಗ ಎಂದೂ ನಕ್ಕಾಕಿ ಅಲ್ಲ. ಆ ಖೋಲ್ಯಾಗ ನಗತಿದ್ಲು."

"ಮತ್ತ ನೀವು..."

"ಯಾರರ ಬಾಯಿ ಬಿಟ್ರ ನಿಮ್ಮಪ್ಪನ ಕಿವೀಗಿ ಹೋದೀತು, ಸುಂದ್ರಿಗಿ ತ್ರಾಸಾದೀತಂತ ಮುಂದಿನ ಅರಿಷಿಣದಿಂದ ನಂದ ಅಂತ ಹೇಳಕೋತ ಬಂದ್ನಿ. ಕೇಳಿದಾಗೆಲ್ಲ ಆಕಿ ಸೆರಗ ಬಾಯಾಗ ಇಟಗೊಂಡ ಕುಂದರತಿದ್ಲು. ಊರಾನ ಮಂದಿ ಈಗ ನಮ್ಮವ್ರ ಗೊರಕಿ ಕೇಳ್ತಾರ. ಅವರಿಗಿ ಈಗ ರಾತ್ರಿ ನಿದ್ದಿನ ಇಲ್ಲ, ಗೊರಕಿ ಎಲ್ಲೀದು."

ಆ ಗಂಡ ತನ್ನ ಅಪ್ಪ. ದುಂಡೇಶನಿಗೆ ನಿಪ್ಪಾಣಿಯ ಮುಂದಿನ ಸಾಲು ಕಣ್ಣಿಗೆ ಕಟ್ಟಿತು. ತಾನು ಶಾಲು ಹೊದ್ದು ಕುಣಿಯುತ್ತಿದ್ದದ್ದು, ಅಪ್ಪ ತನ್ನ ಮೊದಲ ರಾತ್ರಿಗೆ ತಾನೇ ಕೆಮ್ಮಿ ಕೆಮ್ಮಿ ನಗುತ್ತಿದ್ದದ್ದು. ಎದೆಗೆ ಟವೆಲ್ ತುರುಕಿಕೊಂಡು ತಾನು ಆಡಿದ್ದು ಹೆತ್ತವಳ ಆಟ. ಎಲ್ಲಾದರೂ ಹೋಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

"ಅದಕ್ಕೊಂದ ಕಡೀ ಮಾತ ಐತಿ," ಅಂದಳು ಸೋನಾಬಾಯಿ. "ಅದನ್ನ ನಾ ಯಾ ಅರಿಷಿಣದಾಗೂ ಹೇಳಿಲ್ಲ. ಸುಂದ್ರಿ ದವಾಖಾನ್ಯಾಗ ಮಲಕೊಂಡಾಗ, ನನ ಮಗಳ ಮಣಿ ಮ್ಯಾಲ ಕುಂತಾಗ ಆಕಿಗಿ ಹೇಳು ಅಂದಾಳ. ಅದೊಂದ ಉಳದೈತಿ."

"ಏನ್ರಿ ಅದು?"

ಮಾತು ಬಾಯಿಂದ ಜಾರಿದ ಕೂಡಲೇ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕೇಳಿದ್ದು ಮಗನಲ್ಲ, ಜೋಕಿನ ಕೊನೆಗೆ ಕಾದು ಕೂತ ಕಾಮಿಡಿಯವನು. ಸೋನಾಬಾಯಿಗೂ ಅದು ಕೇಳಿಸಿತು. ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು.

"ನೋಡು. ಈಗೂ ಕೇಳ್ತಿ."

ಊಟಕ್ಕೆ ಹೋದ ಹೆಂಗಸರು ಬರುವ ಸಪ್ಪಳ ಕೇಳಿದಾಗ ಅವಳು, "ಬರತೇನಿ ಹೋಗು. ನಿನ್ನ ಸಂಬಂಧ ಅಲ್ಲ," ಅಂದಳು.

ಗುರುವಾರ ಬೆಳಿಗ್ಗೆ ಸೋನಾಬಾಯಿ ಹಸಿರು ಸೀರೆ ಉಟ್ಟು ಬಂದಳು. ಹೊಸ್ತಿಲಲ್ಲಿ ನಿಂತು ಎಲ್ಲ ಹೆಂಗಸರ ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಸಿದಳು. ಇಂಥದ್ದು ಐಗಳಿಯಲ್ಲಿ ಹಿಂದೆ ಎಂದೂ ಇರಲಿಲ್ಲ. ಹುಡುಗಿಯರು ಗೊಣಗಿದರೂ ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಒಮ್ಮೆ ದುಂಡೇಶನ ಕಡೆ ನೋಡಿದರು. ಅವನೇ ಬುಟ್ಟಿ ಹೊತ್ತು ಹೊರಗೆ ತಂದಿಟ್ಟ. ಒಳಗಿನಿಂದ ಬಾಗಿಲು ಹಾಕಿಕೊಂಡರು.

ಚಪ್ಪರದ ಕೆಳಗೆ ಗಂಡಿನ ಕಡೆಯವರು ಕೂತಿದ್ದರು. ವರನಿಗೆ ಹಚ್ಚಿ ಉಳಿದ ಅರಿಷಿಣ ತಂದಿದ್ದರು, ಚಹಾ ಆಗಿತ್ತು. ಒಳಗಿನಿಂದ ಯಡೂರಿನ ವೀರಭದ್ರನ ಹಾಡು ಕೇಳಿತು. ಅದು ಮುಗಿದ ಮೇಲೆ ಮತ್ತೊಂದು ದೇವರ ಹಾಡು. ಅದರ ಮೇಲೆ ಮತ್ತೊಂದು. ಮಾತು ಶುರುವಾಗಲಿಲ್ಲ. ಯಾರೂ ನಗಲಿಲ್ಲ. ಫೋನು ಹೊರಗೆ ಇಟ್ಟರೂ ಹೆಂಗಸರ ಹೆದರಿಕೆ ಒಳಗೇ ಉಳಿದಿತ್ತು. ಅದನ್ನು ಕೇಳುತ್ತ ದುಂಡೇಶ ಕಂಬಕ್ಕೆ ಆತು ನಿಂತಿದ್ದ.

ಲಗಮಣ್ಣ ಬೀಗರ ನಡುವೆ ಕೂತು ತನ್ನ ಮೊಬೈಲು ತೆಗೆದ. "ನಮ್ಮ ಹುಡುಗಂದ ತೋರಸ್ತೇನ ಬರ್ರಿ, ಎಂಟ ಲಾಖ ಮಂದಿ ನೋಡ್ಯಾರ," ಅಂದ. ಅಳಿಸಿದ್ದು ಚಾನೆಲ್ಲಿನಲ್ಲಿ ಮಾತ್ರ. ಅಪ್ಪನ ವಾಟ್ಸಾಪಿನಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ದುಂಡೇಶ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಏನಂತ ತಡೆಯಬೇಕು? ಯಾಕೆ ಅಂತ ಅಪ್ಪ ಕೇಳಿದರೆ ಏನು ಹೇಳಬೇಕು? ಬಳೆಯ ಮಾತು ಬಂತು. ಬೀಗರು ತೊಡೆ ತಟ್ಟಿ ನಕ್ಕರು. ಎಲ್ಲರಿಗಿಂತ ಜೋರಾಗಿ ಲಗಮಣ್ಣ ನಕ್ಕ, ಕಣ್ಣಲ್ಲಿ ನೀರು ಬಂದು ಟವೆಲ್ಲಿನಿಂದ ಒರೆಸಿಕೊಂಡ.

ಅದೇ ಹೊತ್ತಿಗೆ ಒಳಗೆ ಹಾಡು ನಿಂತಿತು. ಆಮೇಲೆ ಒಂದೇ ಒಂದು ದನಿ ನಕ್ಕಿತು. ಸೌಂದರ್ಯಾಳದು. ಯಾರೋ ಕಿವಿಯಲ್ಲಿ ಹೇಳಿದರೆ ನಗುವ ಹಾಗೆ ನಕ್ಕಳು. ತಡೆದಳು, ತಡೆಯಲಾರದೆ ಮತ್ತೆ ನಕ್ಕಳು, ನಗುತ್ತ ನಗುತ್ತ ಅತ್ತಳು. ಉಳಿದ ಹೆಂಗಸರು ಏನಂದ್ರಿ, ಏನಂದ್ರಿ ಅನ್ನುತ್ತಿದ್ದದ್ದು ಬಾಗಿಲಿನಾಚೆಗೂ ಕೇಳಿತು. ಸೋನಾಬಾಯಿ ಯಾರಿಗೂ ಹೇಳಲಿಲ್ಲ.

ಅವ್ವನ ಮಾತು ಎರಡು ಮಾರು ದೂರದಲ್ಲಿತ್ತು. ಅದನ್ನು ಕೇಳುವ ಹಕ್ಕನ್ನು ದುಂಡೇಶ ತಾನೇ ಕಳೆದುಕೊಂಡಿದ್ದ, ಇನ್ನು ಯಾವತ್ತೂ ಯಾರೂ ಅವನಿಗೆ ಹೇಳುವುದಿಲ್ಲ.

ಲಗಮಣ್ಣ ಮೊಬೈಲು ಜೇಬಿಗೆ ಹಾಕಿ ಬಾಗಿಲ ಕಡೆ ನೋಡಿದ. "ಏನ್ ಹೇಳಿದ್ಲೋ ಸೋನಾಬಾಯಿ?"

"ಗೊತ್ತಿಲ್ಲಪ್ಪಾ."

"ಆಮ್ಯಾಲ ತಂಗೀನ ಕೇಳ್ಕೊ," ಅಂದ ಲಗಮಣ್ಣ. "ಮುಂದಿನ ವಿಡಿಯೊಕ್ಕ ಆಗತೈತಿ."

ಬೀಗರು ಮತ್ತೆ ನಕ್ಕರು. ದುಂಡೇಶನೂ ನಕ್ಕ. ನಗದೆ ಇದ್ದಿದ್ದರೆ ಯಾಕೆ ಅಂತ ಅಪ್ಪ ಕೇಳುತ್ತಿದ್ದ.