ಅಪ್ಪ ಕೂತಿದ್ದಾನೆ

ಮತ್ತೆ ಕಿತ್ತಳೆ, ಈ ದೀಪ ಹಸಿರಾಗುವ ಲಕ್ಷಣವೇ ಇಲ್ಲ, ಮಿಣುಕುತ್ತದೆ, ನಿಲ್ಲುತ್ತದೆ, ಮಿಣುಕುತ್ತದೆ, ಗೋಡೆಯಿಂದ ಬಂದ ಕೇಬಲ್ಲನ್ನು ಮೋಡೆಮ್ಮಿಗೆ ತಿರುಪಿದ್ದೇನೆ, ಮೋಡೆಮ್ಮಿನಿಂದ ನೀಲಿ ವೈರು ಹೊಸ ರೂಟರಿಗೆ, ಇನ್ನೇನು ಬೇಕಂತೆ ಇದಕ್ಕೆ, ದಕ್ಷಿಣೆಯೇ, ಪ್ಲಾಸ್ಟರಿನ ಕಾಲು ಚಾಚಿಕೊಂಡು ನೆಲದ ಮೇಲೆ ಕೂತು ಕೂತು ಸೊಂಟ ಸತ್ತುಹೋಗಿದೆ, ಸತ್ತು — ಎಂಥ ಮಾತು ಬರುತ್ತದೆ ಬಾಯಿಗೆ, ಅಲ್ಲಿ ಗದಗಿನಲ್ಲಿ ಪಡಸಾಲೆಯ ಗೋಡೆಗೆ ಅಪ್ಪನನ್ನು ಒರಗಿಸಿ ಕೂರಿಸಿದ್ದಾರೆ, ನಸುಕಿನಲ್ಲಿ ಹೋದ, ಹೊತ್ತು ಮುಳುಗುವುದರೊಳಗೆ ಮಣ್ಣು, ಮುಖ ನೋಡಬೇಕು ನಾನು, ಒಂದೇ ಒಂದು ಸಲ. ವೀರೇಶರು ಬೆಳಗ್ಗೆಯೇ ವಿಮಾನ ಹತ್ತಿದರು, ನೀನು ಅಲುಗಾಡಬಾರದು ಸರ್ವಮಂಗಳಾ ಎಂದು ಹೇಳಿ ಹೋದರು, ಅಳಿಯ ಮಾವನ ಮುಖ ನೋಡುತ್ತಾನೆ, ಹೆತ್ತ ಮಗಳು ಡಬ್ಬಿಯ ದೀಪ ನೋಡುತ್ತಾಳೆ, ತಮಿಳರ ಊರಿನಲ್ಲಿ, ಪುರಸೈವಾಕ್ಕಂನ ಈ ಸಂದಿಯ ಮನೆಯೊಳಗೆ ಮೊಬೈಲಿನಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ, ಮಹಡಿಗೆ ಹೋಗೋಣವೆಂದರೆ ಕಾಲು, ನಿನ್ನೆ ಕರೆಂಟು ಹೋಗಿ ಬಂದ ಹೊಡೆತಕ್ಕೆ ಹಳೇ ರೂಟರು ಸುಟ್ಟಿತು, ನಿನ್ನೆಯೇ ಸುಡಬೇಕಿತ್ತೇ ಮುಂಡೇದು, ಸೌಂದರ್ಯಾ ಅಂಗಡಿಗೆ ಓಡಿ ಹೊಸದು ತಂದಳು, ಪಕ್ಕದಲ್ಲಿ ಕೂತು ಅದರ ಹಾಳೆ ಓದುತ್ತಿದ್ದಾಳೆ ನನ್ನ ಮಗಳು, ಅಮ್ಮಾ ಅದು ಇಲ್ಲೈ, ತನಿಯಾ ಇರುಕ್ಕಿಲ್ಲ ಅಂದ ಪೋರ್ಟ್, ಹೌದು, ಸಾಲಿನೊಳಗಿನ ತೂತಿಗೆ ಚುಚ್ಚಿದ್ದೆ, ಒಂಟಿಯಾಗಿರುವುದಕ್ಕೆ ಹಾಕಬೇಕಂತೆ, ಹಾಕಿದೆ, ಕಿತ್ತಳೆಯೇ. ರುದ್ರಮುನಿಯ ಫೋನು, ಅಕ್ಕಾ, ಸ್ವಾಮಿಗಳು ಬಂದಾರ, ಎಲ್ಲಾರೂ ಕಾಯಾಕತ್ತಾರ, ಇನ್ನ ಎಷ್ಟೊತ್ತು, ತಡಿಯೋ ತಮ್ಮಾ, ಕೈ ಮುಗೀತೀನಿ, ಅವನಾದರೂ ಏನು ಮಾಡಿಯಾನು, ಗುಣಿ ತೆಗೆದಾಗಿದೆ.

ಭಾನುವಾರ ಭಾನುವಾರ ನೋಡುತ್ತಿದ್ದೆನಲ್ಲ, ಏನು ನೋಡುತ್ತಿದ್ದೆ, ಅಪ್ಪ ಫೋನನ್ನು ಮೂಗಿಗೆ ತಗಲುವ ಹಾಗೆ ಹಿಡಿಯುತ್ತಿದ್ದ, ಬರೀ ಹಣೆ, ಮೂರು ಬೆರಳಿನ ವಿಭೂತಿ, ಅದರ ಮೇಲೆ ತಿರುಗುವ ಫ್ಯಾನು, ಅಪ್ಪಾ, ದೂರ ಹಿಡಿ, ಮುಖ ಕಾಣವಲ್ದು, ಹಣಿ ಕಂಡ್ರ ಸಾಕವಾ, ಬರೆದಿದ್ದೆಲ್ಲಾ ಅಲ್ಲೇ ಐತಿ, ನಾವೆಲ್ಲ ನಗುತ್ತಿದ್ದೆವು, ಹೇಗಿದ್ದೀ ಅಂದರೆ ಆರಾಮ ಅದೀನಿ ಬಿಡವಾ, ಬರುತ್ತೇನೆ ಅಂದರೆ ಕೂಸಿನ ಪರೀಕ್ಷಿ ಮುಗೀಲಿ ತಡಿ, ಪರೀಕ್ಷೆ ಮುಗಿಯಿತು, ಬಿಸಲು ಇಳೀಲಿ ತಡಿ. ಕೇಬಲ್ಲಿನವನು ಕೊನೆಗೂ ಫೋನೆತ್ತಿದ, ಮೋಡೆಮ್ಮು ಸುಟ್ಟ ರೂಟರನ್ನೇ ಇನ್ನೂ ನೆನಪಿಟ್ಟುಕೊಂಡಿದೆಯಂತೆ, ಅದಕ್ಕೇ ಹೊಸದನ್ನು ಒಪ್ಪುತ್ತಿಲ್ಲ, ಅದರ ಕರೆಂಟಿನ ವೈರು ಕಿತ್ತು ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು, ಮರೆತುಬಿಡುತ್ತದೆ ಎಂದ ತಮಿಳಿನಲ್ಲಿ, ಮರೆಯಲು ಅಷ್ಟೇ ಸಾಕೇ, ಪುಣ್ಯ ಮಾಡಿದ ಡಬ್ಬಿ, ಕಿತ್ತೆ, ಎಲ್ಲಾ ದೀಪ ಆರಿತು, ಸೌಂದರ್ಯಾ ನನ್ನ ಕೈ ಹಿಡಿದಿದ್ದಾಳೆ, ಪೋಡಟ್ಟುಮಾಮ್ಮಾ, ಹಾಕು, ಕಿತ್ತಳೆ, ಕಿತ್ತಳೆ, ಶಿವನೇ — ಹಸಿರು. ರುದ್ರಮುನಿ, ವಿಡಿಯೋ ಹಚ್ಚೋ ಲಗೂ, ಅವನ ಕೆಂಪು ಕಣ್ಣು, ಹೆಂಗಸರ ಬೆನ್ನು, ಭಜನೆಯ ತಾಳ, ನೋಡಕ್ಕಾ ಎನ್ನುತ್ತಾ ಫೋನು ತಿರುಗಿಸಿದ, ಅಪ್ಪ ಕೂತಿದ್ದಾನೆ, ತಲೆಗೆ ಪಟಗ, ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ನಮ್ಮವರು ಸತ್ತ ಮೇಲೂ ಕೂತೇ ಇರುತ್ತಾರೆ, ಕೂತವನನ್ನು ಕಂಡು ನನ್ನ ಹಾಳು ಬಾಯಿ ಭಾನುವಾರದ ಹಾಗೆಯೇ ಕೇಳಿಬಿಟ್ಟಿತು, ಅಪ್ಪಾ, ಕೇಳಸ್ತೈತೇನು, ಆ ಕಡೆ ತಾಳ ನಿಂತಿತು, ಯಾರೋ ಜೋರಾಗಿ ಅತ್ತರು, ಈಗ ತಮ್ಮ ದೂರ ಹಿಡಿದಿದ್ದಾನೆ ಫೋನನ್ನು, ಪೂರ್ತಿ ಕಾಣುತ್ತಿದ್ದಾನೆ, ಹಣೆ ಅದೇ ಹಣೆ, ಅದರ ಕೆಳಗೆ ಕೆನ್ನೆ ಎಲ್ಲಿ, ತೋಳೆಲ್ಲಿ, ಇದು ಒಂದು ದಿನದಲ್ಲಿ ಆದದ್ದಲ್ಲ, ಇದನ್ನೇ ಮುಚ್ಚಿಡುತ್ತಿದ್ದೆಯಲ್ಲೋ ಅಪ್ಪಾ, ಆರಾಮ ಅದೀನಿ ಅಂದೆಯಲ್ಲೋ — ಚಿತ್ರ ನಿಂತುಬಿಟ್ಟಿದೆ, ಅಮ್ಮಾ ಸ್ಟಕ್ ಆಯಿಡುಚ್ಚು, ದೀಪ ಹಸಿರೇ ಇದೆ, ಅಪ್ಪನ ಕತ್ತಿನ ಕೆಳಗೆ ಎರಡು ಎಲುಬು, ನಡುವೆ ಗುಣಿ, ಹಾರ ಎದೆಯ ಮೇಲೆ ನಿಲ್ಲದೆ ಅದರೊಳಗೆ ಇಳಿದಿದೆ, ರುದ್ರಮುನಿ, ಕೇಳಸ್ತೈತೇನೋ, ಗುಣಿಯೊಳಗೆ ಒಂದು ಇಡೀ ಸೇವಂತಿಗೆ ಹಿಡಿಸಿದೆ, ಒಂದು ಇಡೀ ಸೇವಂತಿಗೆ