ಟೇಪು ಸುತ್ತಿದ ರಾಟೆ

ನನ್ನ ಬಾಯಿಗೆ ಮಣ್ಣು ಬೀಳ! ಹೋದ ತಿಂಗಳು ಅಕ್ಕನ ಎದುರಿಗೇ ಭಾವನಿಗೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟೆ.

ಭಾವ ಹೋಟೆಲಿನಲ್ಲಿ ಪಿಯಾನೋ ನುಡಿಸುವವರು. ನಾನು ಹಳೇ ರೆಕಾರ್ಡುಗಳ ಹುಚ್ಚ. ನಮ್ಮ ಜಗಳವೆಲ್ಲ ಒಬ್ಬ ಪಿಯಾನೋದವನ ಮೇಲೆ. ಜಾಝ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಒಂದಷ್ಟು ರೆಕಾರ್ಡು ಮಾಡಿ ತೀರಿಕೊಂಡ ಮನುಷ್ಯ. ಅವನ ಸಂಗೀತವನ್ನು ಭಾವ ದೊಡ್ಡ ಸಭಾಂಗಣದಲ್ಲಿ ಒಬ್ಬರೇ ನುಡಿಸಬೇಕಿತ್ತು. ಜೀವಮಾನವೆಲ್ಲ ತಟ್ಟೆ ಚಮಚಗಳ ಸದ್ದಿನ ನಡುವೆ ನುಡಿಸಿದವರಿಗೆ, ಜನ ಸುಮ್ಮನೆ ಕೂತು ಕೇಳುವ ಮೊದಲ ಸಂಜೆ ಅದು.

"ಅವನು ಬಿರುಗಾಳಿ ಭಾವ, ಬಿರುಗಾಳಿ!" ಅಂತ ನಾನು.

"ಅಲ್ಲಪ್ಪ, ನಿಧಾನಸ್ಥ. ಅವನ ಎಡಗೈ ಉಂಡು ಅಡ್ಡಾಡೋನ ಹಾಗೆ ನಡೀಬೇಕು. ನೀನು ಕೊಟ್ಟ ಕ್ಯಾಸೆಟ್ಟಿನಲ್ಲಿ ಯಾಕೋ ಓಡ್ತಿದೆ. ನನ್ನ ಪಿಯಾನೋಗೆ ಶ್ರುತಿನೂ ಕೂಡ್ತಿಲ್ಲ" ಅಂತ ಅವರು.

"ನಿಮ್ಮ ಡಬ್ಬಾನೇ ರಿಪೇರಿ ಮಾಡಿಸಿ" ಅಂದು, ಆ ಗಾದೆ ಎಸೆದೆ. ಭಾವ, ನಾನು ನನ್ನ ರೆಕಾರ್ಡ್ ಪ್ಲೇಯರಿನಿಂದ ಇಳಿಸಿಕೊಟ್ಟ ಆ ಕ್ಯಾಸೆಟ್ಟನ್ನೇ ಹಾಕಿಕೊಂಡು, ಆ ವೇಗ ಹಿಡಿಯಲು ಹಗಲೆಲ್ಲ ಕೂತರು. ಎಡಗೈ ಮಣಿಕಟ್ಟು ಊದಿತು. ಅಕ್ಕ ಬೇಡವೆಂದು ಬಡಕೊಂಡರೂ ಪಟ್ಟಿ ಬಿಗಿದುಕೊಂಡು ನುಡಿಸಿದರು.

ಇವತ್ತು ಬೆಳಗ್ಗೆ ನನ್ನ ರೆಕಾರ್ಡ್ ಪ್ಲೇಯರಿನ ಬೆಲ್ಟ್ ಹರಿಯಿತು. ಬಿಚ್ಚಿ ನೋಡಿದರೆ, ಮೋಟಾರಿನ ರಾಟೆಗೆ ಟೇಪು. ಬೆಲ್ಟ್ ಜಾರುತ್ತದೆ ಅಂತ ಯಾವತ್ತೋ ನಾನೇ ಸುತ್ತಿದ್ದು! ರಾಟೆ ದಪ್ಪಗಾದರೆ ರೆಕಾರ್ಡು ಜೋರಾಗಿ ತಿರುಗುತ್ತದೆ, ಅಷ್ಟೂ ಹೊಳೆಯಲಿಲ್ಲ ಈ ಮಹಾಪಂಡಿತನಿಗೆ. ಹಾಡುಗಾರರ ದನಿ ಕೀರಲಾಗಿ ಕೇಳಿದರೂ, ಹಳೇ ರೆಕಾರ್ಡು ಇರೋದೇ ಹಾಗೆ ಅಂದುಕೊಂಡಿದ್ದೆ. ಟೇಪು ಕಿತ್ತು, ಹೊಸ ಬೆಲ್ಟ್ ಹಾಕಿ ಮುಳ್ಳು ಇಟ್ಟೆ. ಎಡಗೈ ಆರಾಮಾಗಿ ನಡೆದು ಬಂತು. ಮನೆಯಲ್ಲಿ ಒಬ್ಬನೇ ಇದ್ದರೂ ನಾಚಿಕೆಯಿಂದ ಮುಖ ಮುಚ್ಚಿಕೊಂಡೆ.

ಪ್ಲೇಯರನ್ನೇ ಹೊತ್ತುಕೊಂಡು ಭಾವನ ಮನೆಗೆ ಓಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಖ ಅರಳಿತು.

"ಎಲ್ಲಿ ಸಿಕ್ತೋ ಈ ರೆಕಾರ್ಡು? ನನಗೋಸ್ಕರ ಹುಡುಕಿ ತಂದ್ಯಾ?"

ಹೂಂ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಥೂ, ನನ್ನ ಜನ್ಮಕ್ಕಿಷ್ಟು!

"ಅದೇ ರೆಕಾರ್ಡು ಭಾವ. ನನ್ನ ಪ್ಲೇಯರೇ ಜೋರಾಗಿ ಓಡ್ತಿತ್ತು. ನೀವು ಹೇಳಿದ್ದೇ ಸರಿ."

ಅಕ್ಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು, ನನ್ನ ಕಡೆ ನೋಡಲಿಲ್ಲ. ಭಾವ ಪಟ್ಟಿ ಬಿಚ್ಚಿ ಪಿಯಾನೋ ಮುಂದೆ ಕೂತರು. ರೆಕಾರ್ಡಿನ ಜೊತೆಗೇ ಶುರುಮಾಡಿದರು. ಅದೇ ನಡೆ, ಅದೇ ಆರಾಮ. ಸ್ವಲ್ಪ ಹೊತ್ತಿಗೇ ಎಡಗೈ ಬೆರಳುಗಳು ಮಡಚಿಕೊಂಡು ನಿಂತವು. ಬಲಗೈಯಿಂದ ಬಿಡಿಸಿ, ಮತ್ತೆ ಹಿಡಿದರು. ಮತ್ತೆ ನಿಂತವು. ರೆಕಾರ್ಡು ತನ್ನ ಪಾಡಿಗೆ ಮುಂದೆ ಹೋಯಿತು.

"ಸಭಾಂಗಣದವರಿಗೆ ಆಗಲ್ಲ ಅಂತ ನೆನ್ನೇನೇ ಹೇಳಿಬಿಟ್ಟೆ" ಅಂದರು. ಆಮೇಲೆ ಕೈಯನ್ನೇ ನೋಡುತ್ತಾ, ಬೈಗುಳವೇ ಇಲ್ಲದ ದನಿಯಲ್ಲಿ ಕೇಳಿದರು:

"ಇದು ನನಗೆ ಬರ್ತಿತ್ತಲ್ವೇನೋ?"